ಅರಬ್ಬಿ ಕಲಿಕೆಯ ನಡುಭಾಷೆಗಳು: ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯನ್ನು ಮುಂದಿಟ್ಟು ಒಂದು ಚಾರಿತ್ರಿಕ ವಿವೇಚನೆ

ಸಾರಾಂಶ

ಪರಭಾಷೆಯೊಂದನ್ನು ಯಾವ ಭಾಷೆಯ ಮೂಲಕ ಕಲಿಸಲಾಗುತ್ತದೆ ಎಂಬುದು ಕಲಿಕೆಯ ಫಲವನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ದಕ್ಷಿಣ ಕರ್ನಾಟಕದಲ್ಲಿ ಅರಬ್ಬಿಯನ್ನು ಮೊದಲು ಪಾರಸಿಯ ಮೂಲಕ, ಅನಂತರ ಉರ್ದುವಿನ ಮೂಲಕ ಕಲಿಸಲಾಯಿತು. ಕಲಿಯುವವರ ದಿನಬಳಕೆಯಲ್ಲಿದ್ದ ಕನ್ನಡಕ್ಕೆ ಆ ಸ್ಥಾನ ದೊರೆಯಲಿಲ್ಲ. ಈ ಸ್ಥಿತಿಯ ಚಾರಿತ್ರಿಕ ಕಾರಣಗಳನ್ನು ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಹಿನ್ನೆಲೆಯಲ್ಲಿ ಗುರುತಿಸಿ, ಅರಬ್ಬಿಯ ಕೆಲವು ಮುಖ್ಯ ವ್ಯಾಕರಣಾಂಶಗಳಿಗೆ ಉರ್ದುವಿಗಿಂತ ಕನ್ನಡವೇ ಹತ್ತಿರದ ದಾರಿಯಾಗಬಲ್ಲದೆಂದು ತೋರಿಸುವುದು ಈ ಲೇಖನದ ಉದ್ದೇಶ.

1. ಪೀಠಿಕೆ

ಕೊಳ್ಳೇಗಾಲ, ಹನೂರು, ಯಳಂದೂರು ಇವು ಮೂರೂ ಇಂದು ಚಾಮರಾಜನಗರ ಜಿಲ್ಲೆಯ ತಾಲ್ಲೂಕುಗಳು. ಈ ವಾಕ್ಯದಲ್ಲಿಯೇ ಎರಡು ಅರಬ್ಬಿ ಪದಗಳಿವೆ. ಅರಬ್ಬಿಯಲ್ಲಿ ‘ತಅಲ್ಲುಕ್’ ಎಂದರೆ ಅಂಟಿಕೊಂಡಿರುವಿಕೆ, ಸಂಬಂಧ. ಒಂದು ಅಧಿಕಾರಕ್ಕೆ ಸಂಬಂಧಪಟ್ಟ ಪ್ರದೇಶವೆಂಬ ಅರ್ಥದಲ್ಲಿ ಅದು ಕನ್ನಡಕ್ಕೆ ‘ತಾಲ್ಲೂಕು’ ಆಗಿ ಬಂದಿದೆ. ‘ಜಿಲ್ಲೆ’ಯ ಮೂಲರೂಪಕ್ಕೆ ಪಕ್ಕೆಲುಬು, ಪಾರ್ಶ್ವ ಎಂಬ ಅರ್ಥಗಳಿವೆ. ತಾಲ್ಲೂಕಿನ ಕೇಂದ್ರಸ್ಥಳವನ್ನು ಸೂಚಿಸುವ ‘ಕಸಬೆ’, ಅಲ್ಲಿ ಸಲ್ಲಿಸುವ ‘ಅರ್ಜಿ’, ಹೇಳಿಕೊಳ್ಳುವ ‘ಅಹವಾಲು’, ಕಾದು ಪಡೆಯುವ ‘ಮಂಜೂರು’ ಇವೆಲ್ಲವೂ ಅರಬ್ಬಿ ಮೂಲದವು. ಶಾಲೆಯ ಮಕ್ಕಳಿಗೆ ಅತ್ಯಂತ ಪ್ರಿಯವಾದ ‘ರಜೆ’ ಸಹ ‘ಸಮ್ಮತಿ’ ಎಂಬ ಅರ್ಥದ ಅರಬ್ಬಿ ಪದದಿಂದ ಹುಟ್ಟಿದ್ದು.

ಹೀಗೆ ಅರಬ್ಬಿಯ ಪದಗಳು ಮತಭೇದವಿಲ್ಲದೆ ಎಲ್ಲರ ಬಾಯಲ್ಲಿವೆ. ಆದರೆ ಅರಬ್ಬಿಯನ್ನು ಭಾಷೆಯಾಗಿ ಎದುರುಗೊಳ್ಳುವವರು ಬಹುಪಾಲು ಮುಸ್ಲಿಂ ಮಕ್ಕಳು. ಅವರಲ್ಲಿಯೂ ಹೆಚ್ಚಿನವರು ಮಸೀದಿಗೆ ಹೊಂದಿದ ಮಕ್ತಬಿನಲ್ಲಿ ಅಕ್ಷರ ಗುರುತಿಸಿ ಉಚ್ಚರಿಸುವ ಹಂತದಲ್ಲಿಯೇ ನಿಲ್ಲುತ್ತಾರೆ. ಪದಗಳಿಗೆ ಅಷ್ಟು ವ್ಯಾಪಕವಾದ ಪ್ರವೇಶ ಸಿಕ್ಕ ನೆಲದಲ್ಲಿ ಭಾಷೆಗೆ ಏಕೆ ಸಿಕ್ಕಲಿಲ್ಲ? ಇದಕ್ಕೆ ಅರಬ್ಬಿ ಕಠಿಣ ಭಾಷೆ ಎಂಬ ಉತ್ತರವನ್ನು ಸಾಮಾನ್ಯವಾಗಿ ಕೊಡಲಾಗುತ್ತದೆ. ಅದು ಸಾಲದು ಎಂಬುದು ನಮ್ಮ ಅಭಿಪ್ರಾಯ. ಅರಬ್ಬಿಗೂ ಕಲಿಯುವವರಿಗೂ ನಡುವೆ ಯಾವ ಭಾಷೆಯನ್ನು ನಿಲ್ಲಿಸಲಾಯಿತು ಎಂಬುದನ್ನು ನೋಡದೆ ಈ ಪ್ರಶ್ನೆಗೆ ಉತ್ತರ ದೊರೆಯದು. ಅಂತಹ ಭಾಷೆಯನ್ನು ನಾವು ಇಲ್ಲಿ ‘ನಡುಭಾಷೆ’ ಎಂದು ಕರೆಯುತ್ತೇವೆ.

2. ಸೀಮೆಯ ಭಾಷಾಸ್ಥಿತಿ

1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಈ ಸೀಮೆ ಎರಡು ಆಡಳಿತಗಳಿಗೆ ಹಂಚಿಹೋಯಿತು. ಇಂದಿನ ಹನೂರನ್ನು ಒಳಗೊಂಡ ಕೊಳ್ಳೇಗಾಲ ಈಸ್ಟ್ ಇಂಡಿಯಾ ಕಂಪನಿಯ ವಶವಾಗಿ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತು. ಯಳಂದೂರು ಮೈಸೂರು ಸಂಸ್ಥಾನದಲ್ಲಿ ಉಳಿಯಿತು. 1807ರಲ್ಲಿ ಅದನ್ನು ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಕೊಡಲಾಯಿತು. ಹೈದರ್ ಮತ್ತು ಟಿಪ್ಪು ಇಬ್ಬರ ಆಡಳಿತದಲ್ಲಿಯೂ ದುಡಿದ ಪೂರ್ಣಯ್ಯನವರು ಪಾರಸಿ ಬಲ್ಲವರಾಗಿದ್ದರು. ಕೆಲವೇ ಹರದಾರಿಗಳ ಅಂತರದಲ್ಲಿ, ಮದರಾಸಿನ ಕೊಳ್ಳೇಗಾಲದಲ್ಲಿ ತಾಲ್ಲೂಕಿನ ಅಧಿಕಾರಿ ‘ತಹಸೀಲ್ದಾರ’ನಾದರೆ ಮೈಸೂರು ಸಂಸ್ಥಾನದಲ್ಲಿ ‘ಅಮಲ್ದಾರ’ನಾಗಿದ್ದನು. ಎರಡು ಹೆಸರುಗಳ ಮೊದಲ ಭಾಗವೂ ಅರಬ್ಬಿ, ‘ದಾರ’ ಎಂಬ ಕೊನೆಯ ಭಾಗ ಪಾರಸಿ. ಈ ಒಂದೊಂದು ಪದದಲ್ಲಿಯೂ ಅರಬ್ಬಿ ಈ ನೆಲಕ್ಕೆ ಬಂದ ದಾರಿ ಕಾಣುತ್ತದೆ.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಕೊಳ್ಳೇಗಾಲ ಮೈಸೂರು ರಾಜ್ಯವನ್ನು ಸೇರಿತು. 1997ರಲ್ಲಿ ಚಾಮರಾಜನಗರ ಜಿಲ್ಲೆ ರಚನೆಯಾಯಿತು. ಇತ್ತೀಚಿನ ವರ್ಷಗಳಲ್ಲಿ ಹನೂರು ಪ್ರತ್ಯೇಕ ತಾಲ್ಲೂಕಾಯಿತು. ಹೀಗೆ ಕೊಳ್ಳೇಗಾಲದ ಮುಸ್ಲಿಂ ಕುಟುಂಬಗಳು ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಹಲವು ಭಾಷೆಗಳ ನಡುವೆ ಬದುಕಿದವು. ಮನೆಯಲ್ಲಿ ಹೆಚ್ಚಾಗಿ ದಖನಿ, ಸಂತೆಯಲ್ಲಿ ಮತ್ತು ನೆರೆಹೊರೆಯಲ್ಲಿ ಕನ್ನಡ, ಜಿಲ್ಲಾ ಕೇಂದ್ರದಲ್ಲಿ ತಮಿಳು, ಮೇಲಧಿಕಾರದಲ್ಲಿ ಇಂಗ್ಲಿಷ್, ಮಸೀದಿಯಲ್ಲಿ ಅರಬ್ಬಿ ಇದ್ದವು.

ಅರ್ಥಕ್ಕಿಂತ ಪಠಣಕ್ಕೆ ಮೊದಲ ಸ್ಥಾನ ಕೊಡುವ ಕಲಿಕೆ ಅರಬ್ಬಿಗೆ ಮಾತ್ರ ಸೀಮಿತವಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. ಇದೇ ಸೀಮೆಯ ದೇವಾಲಯಗಳಲ್ಲಿ ಸಂಸ್ಕೃತದ ಮಂತ್ರಗಳನ್ನು ಕಂಠಸ್ಥ ಮಾಡುವ ಪದ್ಧತಿಯಿದೆ. ಹನೂರು ಭಾಗದ ಒಡೆಯರಪಾಳ್ಯದಲ್ಲಿ ನೆಲೆಸಿರುವ ಟಿಬೆಟನ್ನರ ವಿಹಾರಗಳಲ್ಲಿ ಶಾಸ್ತ್ರೀಯ ಟಿಬೆಟನ್ ಪಠಣವಿದೆ. ಪಠಣಕ್ಕೆ ಅದರದೇ ಆದ ಶಿಸ್ತೂ ಗೌರವವೂ ಇವೆ. ಅದನ್ನು ಅರೆಕಲಿಕೆ ಎಂದು ತಳ್ಳಿಹಾಕುವುದು ನಮ್ಮ ಉದ್ದೇಶವಲ್ಲ. ಪಠಣದಿಂದ ಮುಂದಕ್ಕೆ ಹೋಗಬಯಸುವವರಿಗೆ ಯಾವ ದಾರಿ ತೆರೆದಿತ್ತು ಎಂಬುದಷ್ಟೇ ನಮ್ಮ ಪ್ರಶ್ನೆ.

3. ಪಾರಸಿಯ ಮೂಲಕ ಅರಬ್ಬಿ

ಅರಬ್ಬಿ ವ್ಯಾಕರಣಶಾಸ್ತ್ರ ಬೆಳೆದದ್ದೇ ಆ ಭಾಷೆಯನ್ನು ಅರಬ್ಬರಲ್ಲದವರೂ ಕಲಿಯತೊಡಗಿದ ಕಾಲದಲ್ಲಿ. ಬರಹದಲ್ಲಿ ಸ್ವರಗಳನ್ನು ಚುಕ್ಕೆಗಳಿಂದ ಸೂಚಿಸುವ ಕ್ರಮವನ್ನು ಪರಂಪರೆ 7ನೆಯ ಶತಮಾನದ ಅಬುಲ್ ಅಸ್ವದ್ ದುಅಲಿಯ ಹೆಸರಿಗೆ ಹಚ್ಚುತ್ತದೆ. 8ನೆಯ ಶತಮಾನದಲ್ಲಿ ಖಲೀಲ್ ಅದನ್ನು ತಿದ್ದಿ ಬೆಳೆಸಿದನೆಂದು ಹೇಳಲಾಗುತ್ತದೆ. ಅರಬ್ಬಿಯ ಮೊದಲ ಸಮಗ್ರ ವ್ಯಾಕರಣವನ್ನು ಬರೆದ ಸೀಬವೈಹಿ, ಬಸ್ರಾದಲ್ಲಿ ಖಲೀಲನ ಬಳಿ ಕಲಿತ ಪಾರಸಿ ಮೂಲದವನು. ಆ ಭಾಷೆಯ ನಿಯಮಗಳನ್ನು ಹೊರಗಿನಿಂದ ಬಂದವನೊಬ್ಬ ಅಷ್ಟು ಕೂಲಂಕಷವಾಗಿ ನಿರೂಪಿಸಿದ್ದು ಆಕಸ್ಮಿಕವಲ್ಲ. ತಾಯ್ನುಡಿಯವರು ಗಮನಿಸದೆ ಬಿಡುವ ನಿಯಮಗಳು ಕಲಿತು ಬಂದವರಿಗೆ ಎದ್ದು ಕಾಣುತ್ತವೆ.

ಭಾರತದಲ್ಲಿ ಅರಬ್ಬಿಯ ವ್ಯವಸ್ಥಿತ ಬೋಧನೆಗೆ ಒಂದು ಚೌಕಟ್ಟು ದೊರೆತದ್ದು 18ನೆಯ ಶತಮಾನದಲ್ಲಿ. ಲಖನೌದ ಫಿರಂಗಿ ಮಹಲಿನ ಮುಲ್ಲಾ ನಿಜಾಮುದ್ದೀನರ (ಮರಣ 1748) ಹೆಸರಿನಿಂದ ‘ದರ್ಸೆ ನಿಜಾಮಿ’ ಎಂದು ಪ್ರಸಿದ್ಧವಾದ ಪಠ್ಯಕ್ರಮದಲ್ಲಿ ಮೊದಲು ‘ಸರ್ಫ್’ ಅಂದರೆ ಪದರೂಪ, ಅನಂತರ ‘ನಹ್ವ್’ ಅಂದರೆ ವಾಕ್ಯರಚನೆ. ಈ ಪರಂಪರೆಯಲ್ಲಿ ಬಾಲಕರ ಕೈಗೆ ಮೊದಲು ಬರುವ ‘ಮೀಜಾನ್’, ‘ಪಂಜ್ ಗಂಜ್’, ‘ನಹ್ವ್ ಮೀರ್’ ಎಂಬ ಪುಸ್ತಕಗಳು ಅರಬ್ಬಿಯ ವ್ಯಾಕರಣವನ್ನು ಪಾರಸಿಯಲ್ಲಿ ವಿವರಿಸುತ್ತವೆ. ಅವುಗಳನ್ನು ದಾಟಿದ ಮೇಲೆಯೇ ಅರಬ್ಬಿಯಲ್ಲಿರುವ ‘ಕಾಫಿಯಾ’ದಂತಹ ಗ್ರಂಥಗಳು ಬರುತ್ತವೆ. ಎಂದರೆ ಅರಬ್ಬಿ ಕಲಿಯಬೇಕಾದವನಿಗೆ ಮೊದಲು ಪಾರಸಿ ಗೊತ್ತಿರಬೇಕಿತ್ತು.

ಕನ್ನಡ ಓದುಗರಿಗೆ ಈ ಸ್ಥಿತಿ ಅಪರಿಚಿತವಲ್ಲ. 1604ರಲ್ಲಿ ಭಟ್ಟಾಕಳಂಕನು ಕನ್ನಡದ ವ್ಯಾಕರಣವಾದ ‘ಕರ್ಣಾಟಕ ಶಬ್ದಾನುಶಾಸನ’ವನ್ನು ಸಂಸ್ಕೃತ ಸೂತ್ರಗಳಲ್ಲಿ ರಚಿಸಿದನು. ಒಂದು ಭಾಷೆಯನ್ನು ವಿವರಿಸಲು ಪ್ರತಿಷ್ಠೆಯುಳ್ಳ ಇನ್ನೊಂದು ಭಾಷೆಯನ್ನು ಆರಿಸುವುದು ಅಂದಿನ ಪಂಡಿತಲೋಕದ ಸಹಜ ರೀತಿಯಾಗಿತ್ತು. ವ್ಯತ್ಯಾಸವೆಂದರೆ, ಭಟ್ಟಾಕಳಂಕನ ಓದುಗನಿಗೆ ವಿವರಿಸಲಾದ ಭಾಷೆ ಮೊದಲೇ ಬಂದಿರುತ್ತಿತ್ತು. ‘ನಹ್ವ್ ಮೀರ್’ ಹಿಡಿದ ದಕ್ಷಿಣದ ಬಾಲಕನಿಗೆ ವಿವರಿಸಲಾದ ಭಾಷೆಯೂ ವಿವರಿಸುವ ಭಾಷೆಯೂ ಎರಡೂ ಹೊಸವು.

ಈ ಪಠ್ಯಪರಂಪರೆ ದಕ್ಷಿಣಕ್ಕೆ ಬಂದ ಒಂದು ದಾರಿ ಸ್ಪಷ್ಟವಾಗಿದೆ. ಮುಲ್ಲಾ ನಿಜಾಮುದ್ದೀನರ ಮಗ, ‘ಬಹ್ರುಲ್ ಉಲೂಮ್’ ಎಂದು ಖ್ಯಾತರಾದ ಅಬ್ದುಲ್ ಅಲಿಯವರು ಆರ್ಕಾಟಿನ ನವಾಬ ವಾಲಾಜಾಹನ ಆಶ್ರಯದಲ್ಲಿ ಮದರಾಸಿನಲ್ಲಿ ಪಾಠ ಹೇಳಿ, 1810ರಲ್ಲಿ ಅಲ್ಲಿಯೇ ತೀರಿಕೊಂಡರು. 19ನೆಯ ಶತಮಾನದ ಉತ್ತರಾರ್ಧದಲ್ಲಿ ವೆಲ್ಲೂರಿನಲ್ಲಿ ‘ಬಾಕಿಯಾತುಸ್ಸಾಲಿಹಾತ್’, 1924ರಲ್ಲಿ ಉಮರಾಬಾದಿನಲ್ಲಿ ‘ಜಾಮಿಯಾ ದಾರುಸ್ಸಲಾಮ್’ ಸ್ಥಾಪನೆಯಾದವು. ಕೊಳ್ಳೇಗಾಲವಿದ್ದ ಮದರಾಸು ಪ್ರಾಂತ್ಯದಲ್ಲಿಯೇ ಅರಬ್ಬಿಯ ಉನ್ನತ ಶಿಕ್ಷಣದ ಕೇಂದ್ರಗಳು ಹೀಗೆ ಬೆಳೆದವು. ಮೈಸೂರಿನ ಕಡೆ ಟಿಪ್ಪುವಿನ ಕಾಲದಲ್ಲಿ ಲೆಕ್ಕಪತ್ರಗಳಲ್ಲಿ ಪಾರಸಿಗೆ ಪ್ರಾಶಸ್ತ್ಯ ದೊರೆತಿತ್ತು. ಶ್ರೀರಂಗಪಟ್ಟಣದ ಅರಮನೆಯ ಗ್ರಂಥಭಂಡಾರದಲ್ಲಿ ಅರಬ್ಬಿ, ಪಾರಸಿ ಹಸ್ತಪ್ರತಿಗಳ ದೊಡ್ಡ ಸಂಗ್ರಹವಿತ್ತು. 1799ರ ಬಳಿಕ ಅದು ಕಲ್ಕತ್ತೆಗೂ ಇಂಗ್ಲೆಂಡಿಗೂ ಸಾಗಿಹೋಯಿತು. ಚಾರ್ಲ್ಸ್ ಸ್ಟುವರ್ಟ್ ಸಿದ್ಧಪಡಿಸಿದ ಅದರ ವಿವರಣಾತ್ಮಕ ಸೂಚಿ 1809ರಲ್ಲಿ ಕೇಂಬ್ರಿಜ್‌ನಲ್ಲಿ ಅಚ್ಚಾಯಿತು. ಕೊಳ್ಳೇಗಾಲ ಸೀಮೆಗೆ ಅತಿ ಸಮೀಪದಲ್ಲಿದ್ದ ಅರಬ್ಬಿ ಗ್ರಂಥಸಂಪತ್ತು ಹೀಗೆ ಒಂದು ತಲೆಮಾರಿನೊಳಗೆ ಈ ನೆಲವನ್ನು ಬಿಟ್ಟುಹೋಯಿತು.

4. ಪಾರಸಿಯ ಸ್ಥಾನಕ್ಕೆ ಉರ್ದು

19ನೆಯ ಶತಮಾನದಲ್ಲಿ ಪಾರಸಿ ಆಡಳಿತದಿಂದ ಹಿಂದೆ ಸರಿದಂತೆ ಅರಬ್ಬಿ ಬೋಧನೆಯ ನಡುಭಾಷೆಯ ಸ್ಥಾನ ತೆರವಾಯಿತು. ಸ್ಥಳೀಯ ಭಾಷೆಗಳಿಗೆ ಅದು ದೊರೆಯಬಹುದಾಗಿದ್ದ ಕಾಲ ಅದು. ಆದರೆ 1882ರಲ್ಲಿ ನೇಮಕವಾದ ಹಂಟರ್ ಶಿಕ್ಷಣ ಆಯೋಗವು ಮುಸ್ಲಿಮರ ಪ್ರಾಥಮಿಕ ಮತ್ತು ಮಾಧ್ಯಮಿಕ ಶಾಲೆಗಳಲ್ಲಿ ಹಿಂದೂಸ್ತಾನಿಯೇ ಮುಖ್ಯ ಬೋಧನಾ ಮಾಧ್ಯಮವಾಗಬೇಕೆಂದು ಶಿಫಾರಸು ಮಾಡಿತು. ಸ್ಥಳೀಯ ಮುಸ್ಲಿಮರು ಬೇರೆ ಭಾಷೆಯನ್ನು ಬಯಸುವ ಕಡೆಗಳಿಗೆ ವಿನಾಯಿತಿಯನ್ನೂ ಇಟ್ಟಿತ್ತು. ದಖನಿ ಮನೆಮಾತಾಗಿದ್ದ ಒಳನಾಡಿನಲ್ಲಿ ಹಿಂದೂಸ್ತಾನಿಯೇ, ಎಂದರೆ ಉರ್ದುವೇ, ನೆಲೆಯೂರಿತು. ವಿನಾಯಿತಿಯ ಸ್ವರೂಪವನ್ನು ತೋರಿಸಬಲ್ಲ ಉದಾಹರಣೆಗಳು ಕರಾವಳಿಯಲ್ಲಿವೆ. ಅಲ್ಲಿ ಬ್ಯಾರಿ ಮಕ್ಕಳು ಅರಬ್ಬಿ–ಮಲಯಾಳಂ ಲಿಪಿಯ ಪಠ್ಯಗಳ ಮೂಲಕ ಕಲಿತರು. ಭಟ್ಕಳದ ನವಾಯತರು ತಮ್ಮ ಮನೆಮಾತನ್ನೇ ಅರಬ್ಬಿ ಮೂಲದ ಲಿಪಿಯಲ್ಲಿ ಬರೆದುಕೊಂಡರು. ಒಂದೇ ರಾಜ್ಯದ ಒಳಗೆ ನಡುಭಾಷೆ ಹೀಗೆ ಬೇರೆಬೇರೆಯಾಯಿತು.

ಇದರ ಪರಿಣಾಮ ಇಂದಿಗೂ ಕನ್ನಡ ಬರಹದಲ್ಲಿ ಕಾಣುತ್ತದೆ. ಮೈಸೂರು ಕಡೆಯ ಬರಹದಲ್ಲಿ ‘ನಮಾಜು’, ‘ರಂಜಾನ್’ ಎಂಬ ರೂಪಗಳು ರೂಢಿಯಲ್ಲಿದ್ದರೆ, ಕರಾವಳಿಯ ಬರಹಗಾರರಲ್ಲಿ ‘ನಮಾಝ್’, ‘ರಮಝಾನ್’ ಎಂಬ ರೂಪಗಳು ಹೆಚ್ಚು. ಇದು ಕೇವಲ ಕಾಗುಣಿತದ ಭೇದವಲ್ಲ. ಮೂಲಧ್ವನಿ ಕನ್ನಡದಲ್ಲಿ ಇಲ್ಲವೆಂಬ ಅರಿವನ್ನು ಒಂದು ಬರಹ ಲಿಪಿಯಲ್ಲಿ ಸೂಚಿಸುತ್ತದೆ. ಇನ್ನೊಂದು ಆ ಪದವನ್ನು ಪೂರ್ತಿ ಕನ್ನಡವಾಗಿಸಿಕೊಂಡಿದೆ.

ಪಾರಸಿ ಹೋದರೂ ಅದರ ಗುರುತು ಮಕ್ತಬಿನ ಮೊದಲ ಪಾಠದಲ್ಲಿ ಉಳಿದಿದೆ. ಅರಬ್ಬಿಯ ಸ್ವರಚಿಹ್ನೆಗಳ ಅರಬ್ಬಿ ಹೆಸರುಗಳು ಫತಹ, ಕಸರ, ದಮ್ಮ. ಉರ್ದು ಪರಂಪರೆಯ ಮಕ್ಕಳು ಕಲಿಯುವ ಹೆಸರುಗಳು ‘ಜಬರ್’, ‘ಜೇರ್’, ‘ಪೇಶ್’. ಇವು ಪಾರಸಿ ಪದಗಳು; ಕ್ರಮವಾಗಿ ಮೇಲೆ, ಕೆಳಗೆ, ಮುಂದೆ ಎಂದು ಅರ್ಥ. ‘ಬೇ ಜಬರ್ ಬ, ಬೇ ಜೇರ್ ಬಿ, ಬೇ ಪೇಶ್ ಬು’ ಎಂದು ಮಗು ರಾಗವಾಗಿ ಒಪ್ಪಿಸುತ್ತದೆ. ಅದೇ ಮಗು ಅದೇ ದಿನ ಸರ್ಕಾರಿ ಶಾಲೆಯಲ್ಲಿ ‘ಬ ತಲಕಟ್ಟು ಬ, ಬ ಗುಡಿಸು ಬಿ, ಬ ಕೊಂಬು ಬು’ ಎಂದು ಒಪ್ಪಿಸುತ್ತದೆ. ಎರಡೂ ಕಡೆ ವಿಧಾನ ಒಂದೇ: ಮೂಲಾಕ್ಷರವನ್ನು ಹೆಸರಿಸಿ, ಚಿಹ್ನೆಯನ್ನು ಹೆಸರಿಸಿ, ಕೊನೆಗೆ ಕೂಡಿದ ಧ್ವನಿಯನ್ನು ನುಡಿಯುವುದು. ತಲಕಟ್ಟೂ ಜಬರ್ ಕೂಡ ಅಕ್ಷರದ ಮೇಲೆಯೇ ಕುಳಿತುಕೊಳ್ಳುತ್ತವೆ. ಕೆಲವು ಗಂಟೆಗಳ ಅಂತರದಲ್ಲಿ ನಡೆಯುವ ಈ ಎರಡು ಪಾಠಗಳನ್ನು ಜೋಡಿಸುವ ಒಂದು ಮಾತು ಸಾಕು, ಕಾಗುಣಿತ ಬಲ್ಲ ಮಗುವಿಗೆ ಅರಬ್ಬಿ ಬರಹದ ತತ್ತ್ವ ತಿಳಿಯಲು. ಎರಡು ಪಾಠಗಳಿಗೂ ಸಂಬಂಧವೇ ಇಲ್ಲವೆಂಬ ಭಾವನೆಯಿಂದ ಆ ಮಾತು ಹೇಳದೆ ಉಳಿಯುತ್ತದೆ.

ಧ್ವನಿಗಳ ವಿಷಯದಲ್ಲಿ ಉರ್ದು ಕೊಡುವ ನೆರವು ಲಿಪಿಗೆ ಸೀಮಿತ. ಅರಬ್ಬಿಯ ನಾಲ್ಕು ಬೇರೆ ವ್ಯಂಜನಗಳನ್ನು ಉರ್ದು ಬರಹದಲ್ಲಿ ಬೇರೆಯಾಗಿ ಇಟ್ಟುಕೊಂಡು, ಮಾತಿನಲ್ಲಿ ಒಂದೇ ಆಗಿ ಉಚ್ಚರಿಸುತ್ತದೆ. ಹೀಗಾಗಿ ನೋಟ ಎಂಬರ್ಥದ ‘ನಜರು’, ಹರಕೆ ಅಥವಾ ಕಾಣಿಕೆ ಎಂಬರ್ಥದ ಪದದಿಂದ ಬಂದ ‘ನಜರಾನೆ’ ಇವುಗಳ ಅರಬ್ಬಿ ಮೂಲಗಳು ಬೇರೆಬೇರೆ ಎಂಬುದು ಕಿವಿಗೆ ತಿಳಿಯದು. ದಖನಿಯಲ್ಲಿ ಅರಬ್ಬಿಯ ಕಂಠಮೂಲದ ‘ಕ’ಕಾರ ‘ಖ’ಕಾರದ ಕಡೆಗೆ ಸರಿದಿದೆ. ಇದರಿಂದ, ತಜ್‌ವೀದ್ ಕಲಿಸುವ ಗುರು ತಿದ್ದಬೇಕಾದದ್ದು ಕನ್ನಡದ ಉಚ್ಚಾರಣೆಯೊಂದನ್ನೇ ಅಲ್ಲ, ನಡುಭಾಷೆಯ ಉಚ್ಚಾರಣೆಯನ್ನೂ ಸಹ.

5. ಕನ್ನಡದೊಳಗೆ ಇರುವ ಅರಬ್ಬಿ

1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟ್ಟೆಲರ ನಿಘಂಟು ಈ ಬಗೆಯ ಎಷ್ಟೋ ಪದಗಳಿಗೆ ಹಿಂದೂಸ್ತಾನಿಯ ಗುರುತನ್ನು ಹಾಕಿದೆ. ಪದ ಯಾರ ಕೈಯಿಂದ ಬಂದಿತು ಎಂಬುದನ್ನು ಅದು ಸರಿಯಾಗಿಯೇ ದಾಖಲಿಸುತ್ತದೆ. ಅರಬ್ಬಿ ಕಲಿಯುವವರಿಗೆ ಮುಖ್ಯವಾದದ್ದು ಅದಕ್ಕೂ ಹಿಂದಿನ ಹಂತ. ಅರಬ್ಬಿಯ ಪದರಚನೆ ಸಾಮಾನ್ಯವಾಗಿ ಮೂರು ವ್ಯಂಜನಗಳ ಧಾತುವಿನ ಮೇಲೆ ನಿಂತಿದೆ. ಧಾತುವಿನ ವ್ಯಂಜನಗಳನ್ನು ಬೇರೆಬೇರೆ ಅಚ್ಚುಗಳಲ್ಲಿ ಎರೆದಂತೆ ಬೇರೆಬೇರೆ ಪದಗಳು ಹುಟ್ಟುತ್ತವೆ. ಆರಂಭದ ವಿದ್ಯಾರ್ಥಿಗೆ ಇದು ಅತಿ ಕಷ್ಟದ ಭಾಗವೆಂದು ಹೆಸರಾಗಿದೆ. ಕನ್ನಡಿಗನ ಬಳಿ ಮಾತ್ರ ಇದಕ್ಕೆ ಬೇಕಾದ ಉದಾಹರಣೆಗಳು ಮೊದಲೇ ಇವೆ.

‘ಇಲಾಖೆ’ ಮತ್ತು ‘ತಾಲ್ಲೂಕು’ ಒಂದೇ ಧಾತುವಿನವು. ಎರಡರಲ್ಲಿಯೂ ‘ಅಂಟಿಕೊಳ್ಳು’ ಎಂಬ ಮೂಲಾರ್ಥವಿದೆ. ‘ತಹಸೀಲು’ ಮತ್ತು ‘ಮಹಸೂಲು’ ಇನ್ನೊಂದು ಧಾತುವಿನವು. ಮೊದಲನೆಯದು ಸಂಗ್ರಹಿಸುವ ಕ್ರಿಯೆ, ಎರಡನೆಯದು ಸಂಗ್ರಹವಾದದ್ದು. ‘ಅಮಲು’ ಎಂದರೆ ಕಾರ್ಯ, ಆಚರಣೆ. ‘ಮಾಮೂಲು’ ಎಂದರೆ ಆಚರಣೆಯಲ್ಲಿರುವುದು. ಮುಂಬೈ ಕರ್ನಾಟಕದ ‘ಮಾಮಲೇದಾರ’ನಲ್ಲಿರುವ ‘ಮಾಮಲೆ’ ಎಂದರೆ ವ್ಯವಹಾರ. ‘ಮಹಸೂಲು’, ‘ಮಾಮೂಲು’, ‘ಮಂಜೂರು’ ಈ ಮೂರನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡಿದರೆ ಮೊದಲ ‘ಮ’ಕಾರವೂ ಕೊನೆಯ ವ್ಯಂಜನದ ಹಿಂದಿನ ದೀರ್ಘ ‘ಊ’ಕಾರವೂ ಎದ್ದು ಕಾಣುತ್ತವೆ. ಅರಬ್ಬಿಯಲ್ಲಿ ಇದು ಕರ್ಮಣಿ ಕೃದಂತದ ಅಚ್ಚು: ಸಂಗ್ರಹಿಸಲ್ಪಟ್ಟದ್ದು, ಆಚರಿಸಲ್ಪಟ್ಟದ್ದು, ನೋಡಲ್ಪಟ್ಟದ್ದು. ಅರ್ಜಿಯನ್ನು ಅಧಿಕಾರಿ ‘ನೋಡಿ’ದ್ದರಿಂದ ಅದು ‘ಮಂಜೂರು’. ಗ್ರಂಥವನ್ನು ಕಣ್ಣಿನಿಂದ ನೋಡುತ್ತಾ ಪಠಿಸುವುದಕ್ಕೆ ಮಕ್ತಬಿನಲ್ಲಿರುವ ‘ನಾಜಿರಾ’ ಎಂಬ ಹೆಸರೂ ಇದೇ ಧಾತುವಿನದು.

ಅರಬ್ಬಿಯ ಬಹುವಚನವೂ ವಿದ್ಯಾರ್ಥಿಗಳನ್ನು ಕಾಡುತ್ತದೆ. ಅಲ್ಲಿ ಎಷ್ಟೋ ಪದಗಳಿಗೆ ಪ್ರತ್ಯಯ ಸೇರುವ ಬದಲು ಪದದ ಒಳಗಿನ ಸ್ವರಗಳೇ ಮಾರ್ಪಡುತ್ತವೆ. ಇಂತಹ ಬಹುವಚನಗಳು ಏಕವಚನದ ವೇಷದಲ್ಲಿ ಕನ್ನಡಕ್ಕೆ ಬಂದಿವೆ. ‘ಅಹವಾಲು’ ಎಂಬುದು ‘ಹಾಲ್’ ಅಂದರೆ ಸ್ಥಿತಿ ಎಂಬುದರ ಬಹುವಚನ. ‘ಆಸಾಮಿ’ ಎಂಬುದರ ಹಿಂದೆ ‘ಇಸ್ಮ್’ ಅಂದರೆ ಹೆಸರು ಎಂಬುದರ ಬಹುವಚನದ ಮೇಲೆ ಮತ್ತೊಂದು ಬಹುವಚನವಿದೆ. ಕಂದಾಯದ ಪಟ್ಟಿಯಲ್ಲಿದ್ದ ‘ಹೆಸರುಗಳು’ ಕಾಲಕ್ರಮದಲ್ಲಿ ಹೆಸರುಳ್ಳ ಒಬ್ಬ ಮನುಷ್ಯನಾದವು.

ಇಲ್ಲಿ ಎಚ್ಚರಿಕೆಯೂ ಬೇಕು. ಅರ್ಥಗಳು ಬಹಳ ಸರಿದಿವೆ. ಅರಬ್ಬಿಯಲ್ಲಿ ಪುನರಾವರ್ತನೆ ಎಂಬರ್ಥದ ಪದ ಕನ್ನಡದಲ್ಲಿ ‘ತಕರಾರು’ ಆಗಿದೆ. ವಿಭಾಗ, ಋತು ಎಂಬರ್ಥದ ಪದ ‘ಫಸಲು’ ಆಗಿದೆ. ‘ಹಕ್ಕು’, ‘ನಕಲು’ ಇವುಗಳ ಕೊನೆಯ ಉಕಾರ ಕನ್ನಡ ತಾನಾಗಿ ಸೇರಿಸಿಕೊಂಡದ್ದು. ಅರಬ್ಬಿಯ ಪ್ರಥಮಾ ವಿಭಕ್ತಿಯ ಉಕಾರದೊಡನೆ ಅದಕ್ಕೆ ಸಂಬಂಧವಿಲ್ಲ. ಇಂತಹ ಪದಗಳನ್ನು ಅರ್ಥ ಊಹಿಸುವುದಕ್ಕಲ್ಲ, ರಚನೆ ಗುರುತಿಸುವುದಕ್ಕೆ ಬಳಸಬೇಕು.

6. ವಾಕ್ಯದಲ್ಲಿ ಕನ್ನಡದ ಸಾಮೀಪ್ಯ

ಪದಕೋಶಕ್ಕಿಂತಲೂ ಗಮನಾರ್ಹವಾದದ್ದು 3 ವ್ಯಾಕರಣಾಂಶಗಳು. ಅರಬ್ಬಿಗೂ ಕನ್ನಡಕ್ಕೂ ಕುಲಸಂಬಂಧವಿಲ್ಲ. ಈ ಹೋಲಿಕೆಗಳು ಸ್ವತಂತ್ರವಾಗಿ ಬಂದವು. ಆದರೂ ಕಲಿಸುವವರಿಗೆ ಅವು ಉಪಯುಕ್ತ.

ಮೊದಲನೆಯದು ಕ್ರಿಯಾಪದವಿಲ್ಲದ ವಾಕ್ಯ. ಕನ್ನಡದಲ್ಲಿ ‘ಇದು ಮನೆ’ ಎಂಬುದು ಪೂರ್ಣ ವಾಕ್ಯ. ಅರಬ್ಬಿಯಲ್ಲಿ ‘ಹಾದಾ ಬೈತುನ್’ ಎಂಬುದೂ ಅಷ್ಟೇ. ‘ಹಾದಾ’ ಎಂದರೆ ಇದು, ‘ಬೈತುನ್’ ಎಂದರೆ ಮನೆ. ಉರ್ದುವಿನಲ್ಲಿ ‘ಹೈ’ ಬೇಕು, ಇಂಗ್ಲಿಷಿನಲ್ಲಿ ‘ಈಸ್’ ಬೇಕು. ಕನ್ನಡ ಬಲ್ಲ ವಿದ್ಯಾರ್ಥಿಗೆ ಉರ್ದು ಅಥವಾ ಇಂಗ್ಲಿಷಿನ ಮೂಲಕ ಪಾಠ ಹೇಳುವ ಗುರು ಮೊದಲು ಇಲ್ಲದ ಪದವೊಂದನ್ನು ವಾಕ್ಯಕ್ಕೆ ಸೇರಿಸಿ, ಅನಂತರ ಅರಬ್ಬಿಯಲ್ಲಿ ಅದು ‘ಲೋಪವಾಗಿದೆ’ ಎಂದು ವಿವರಿಸಬೇಕಾಗುತ್ತದೆ. ಕನ್ನಡದ ಮೂಲಕ ಹೋದರೆ ವಿವರಿಸಬೇಕಾದದ್ದೇ ಇಲ್ಲ.

ಎರಡನೆಯದು ಮನುಷ್ಯ–ಮನುಷ್ಯೇತರ ಭೇದ. ಕನ್ನಡದಲ್ಲಿ ‘ಹುಡುಗರು ಬಂದರು’, ಆದರೆ ‘ನಾಯಿಗಳು ಬಂದವು’. ಬಹುವಚನದ ಕ್ರಿಯಾರೂಪ ನಾಮಪದ ಬುದ್ಧಿಯುಳ್ಳವರನ್ನು ಸೂಚಿಸುತ್ತದೆಯೇ ಇಲ್ಲವೇ ಎಂಬುದನ್ನು ಅವಲಂಬಿಸಿದೆ. ಅರಬ್ಬಿ ವೈಯಾಕರಣರು ಇದೇ ಭೇದವನ್ನು ‘ಆಕಿಲ್’, ‘ಗೈರ್ ಆಕಿಲ್’ ಅಂದರೆ ವಿವೇಕಿ, ಅವಿವೇಕಿ ಎಂದು ಹೆಸರಿಸಿದ್ದಾರೆ. ಅಲ್ಲಿ ಮನುಷ್ಯೇತರ ಬಹುವಚನಕ್ಕೆ ಸ್ತ್ರೀಲಿಂಗ ಏಕವಚನದ ರೂಪ ಬರುತ್ತದೆ. ರೂಪ ಬೇರೆ, ಭೇದದ ತತ್ತ್ವ ಒಂದೇ. ಉರ್ದುವಿನ ವ್ಯಾಕರಣದಲ್ಲಿ ಈ ಭೇದವಿಲ್ಲದ ಕಾರಣ ಆ ಮೂಲಕ ಕಲಿಯುವವರಿಗೆ ಇದು ವಿಚಿತ್ರ ನಿಯಮವಾಗಿ ತೋರುತ್ತದೆ.

ಮೂರನೆಯದು ಕ್ರಿಯಾಪದದಲ್ಲಿ ಪುರುಷಸೂಚನೆ. ‘ಬರೆದೆನು’, ‘ಬರೆದಳು’ ಎಂದರೆ ಕರ್ತೃ ಯಾರೆಂಬುದು ತಾನಾಗಿ ತಿಳಿಯುತ್ತದೆ. ಅರಬ್ಬಿಯ ‘ಕತಬ್‌ತು’, ‘ಕತಬತ್’ ರೂಪಗಳೂ ಹಾಗೆಯೇ. ಉರ್ದುವಿನ ಭೂತಕಾಲದ ಸರಳ ರೂಪಗಳು ಲಿಂಗವಚನಗಳನ್ನು ಸೂಚಿಸುತ್ತವೆಯೇ ಹೊರತು ಪುರುಷವನ್ನಲ್ಲ. ಆದ್ದರಿಂದ ಅಲ್ಲಿ ಸರ್ವನಾಮದ ಆಸರೆ ಬೇಕಾಗುತ್ತದೆ.

ಇದರ ಜೊತೆಗೆ ಉರ್ದು ಕೆಲವೆಡೆ ದಾರಿ ತಪ್ಪಿಸುವುದೂ ಉಂಟು. ‘ಕಿತಾಬ್’ ಉರ್ದುವಿನಲ್ಲಿ ಸ್ತ್ರೀಲಿಂಗ, ಅರಬ್ಬಿಯಲ್ಲಿ ಪುಲ್ಲಿಂಗ. ಪದ ಒಂದೇ ಆದ್ದರಿಂದ ತಪ್ಪು ಸುಲಭವಾಗಿ ನುಸುಳುತ್ತದೆ. ಆದರೆ ಎಲ್ಲ ಅನುಕೂಲವೂ ಕನ್ನಡದ ಕಡೆಗಿಲ್ಲ. ನಿರ್ಜೀವ ವಸ್ತುಗಳಿಗೆ ಪುಲ್ಲಿಂಗ, ಸ್ತ್ರೀಲಿಂಗಗಳಿವೆ ಎಂಬ ಕಲ್ಪನೆಯೇ ಕನ್ನಡಿಗನಿಗೆ ಹೊಸದು. ಇಲ್ಲಿ ಉರ್ದು ಬಲ್ಲವನಿಗೆ ದಾರಿ ಸುಲಭ. ‘ನೀನು’ ಎಂಬುದಕ್ಕೆ ಗಂಡಿಗೊಂದು, ಹೆಣ್ಣಿಗೊಂದು ರೂಪ ಕನ್ನಡದಲ್ಲಿಲ್ಲ, ಅರಬ್ಬಿಯಲ್ಲಿದೆ. ದ್ವಿವಚನ ಮತ್ತು ನಿರ್ದೇಶಕ ಉಪಸರ್ಗ ಎರಡೂ ಕನ್ನಡಕ್ಕೆ ಪರಕೀಯ. ಅರಬ್ಬಿ ಲಿಪಿ ಮತ್ತು ಧಾರ್ಮಿಕ ಪರಿಭಾಷೆ ಉರ್ದು ಬಲ್ಲವರಿಗೆ ಮೊದಲೇ ಪರಿಚಿತ. ನಾವು ಹೇಳುವುದಿಷ್ಟೇ: ಉರ್ದುವನ್ನು ಸರಿಸಿ ಕನ್ನಡವನ್ನು ಕೂರಿಸಬೇಕೆಂದಲ್ಲ, ಎಲ್ಲಿ ಕನ್ನಡ ಹತ್ತಿರವಿದೆಯೋ ಅಲ್ಲಿ ಅದನ್ನು ಬಿಟ್ಟು ಬಳಸುದಾರಿ ಹಿಡಿಯುವ ಅಗತ್ಯವಿಲ್ಲ.

7. 1956ರ ಅನಂತರ: ಎರಡು ಗಡಿನಾಡುಗಳು ಮತ್ತು ಒಂದು ಪಠ್ಯ

ಕೊಳ್ಳೇಗಾಲ ಮದರಾಸು ರಾಜ್ಯವನ್ನು ಬಿಟ್ಟು ಮೈಸೂರಿಗೆ ಸೇರಿದ ದಿನವೇ, ಅದೇ ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಸರಗೋಡು ಕೇರಳಕ್ಕೆ ಸೇರಿತು. ಹೀಗೆ ಒಂದೇ ಆಡಳಿತದಲ್ಲಿದ್ದ ಎರಡು ಕನ್ನಡ ಗಡಿನಾಡುಗಳಲ್ಲಿ ಅರಬ್ಬಿಯ ಪಾಡು ಬೇರೆಬೇರೆಯಾಯಿತು. ಕೇರಳದಲ್ಲಿ ಅರಬ್ಬಿ ಪ್ರಾಥಮಿಕ ಶಾಲೆಯಿಂದಲೇ ಕಲಿಯಬಹುದಾದ ಭಾಷೆ. ಸರ್ಕಾರಿ ಶಾಲೆಗಳಲ್ಲಿ ಅದಕ್ಕೆ ಶಿಕ್ಷಕರಿದ್ದಾರೆ. ಅಲ್ಲಿ ಅದು ಸಾರ್ವಜನಿಕ ಶಿಕ್ಷಣದ ಎಷ್ಟು ಜೀವಂತ ಪ್ರಶ್ನೆಯಾಗಿತ್ತೆಂದರೆ, 1980ರಲ್ಲಿ ಭಾಷಾ ಬೋಧನೆಯ ನಿಯಮಗಳ ವಿರುದ್ಧ ಚಳವಳಿ ನಡೆದು, ಜುಲೈ 30ರಂದು ಮಲಪ್ಪುರಂನಲ್ಲಿ ಗೋಲಿಬಾರಿನಲ್ಲಿ ಮೂವರು ಯುವಕರು ಪ್ರಾಣ ಕಳೆದುಕೊಂಡರು. ಕರ್ನಾಟಕದಲ್ಲಿ ಪ್ರೌಢಶಾಲೆಯ ತೃತೀಯ ಭಾಷೆಗಳ ಪಟ್ಟಿಯಲ್ಲಿಯೂ ಪದವಿಪೂರ್ವ ಭಾಷೆಗಳ ಪಟ್ಟಿಯಲ್ಲಿಯೂ ಅರಬ್ಬಿ ಇದೆ. ಆದರೆ ಪ್ರಾಥಮಿಕ ಹಂತದ ತಳಹದಿಯಿಲ್ಲದೆ ಪ್ರೌಢ ಹಂತದಲ್ಲಿ ಆ ಭಾಷೆಯನ್ನು ಆರಿಸಿಕೊಳ್ಳುವುದು ಸುಲಭವಲ್ಲ. ಕೊಳ್ಳೇಗಾಲ ಸೀಮೆಯಂತಹ ಕಡೆಗಳಲ್ಲಿ ಅರಬ್ಬಿಯ ಭಾರವನ್ನೆಲ್ಲ ಮಸೀದಿಯ ಮಕ್ತಬವೇ ಹೊತ್ತುಕೊಂಡಿದೆ.

ಇದೇ ಕಾಲದಲ್ಲಿ, ಹಳೆಯ ಮದರಾಸು ಪ್ರಾಂತ್ಯದ ನೆಲದಿಂದಲೇ ನಡುಭಾಷೆಯ ಪ್ರಶ್ನೆಗೆ ಒಂದು ಹೊಸ ಉತ್ತರ ಬಂದಿತು. ಉತ್ತರ ಆರ್ಕಾಟಿನ ವಾಣಿಯಂಬಾಡಿಯಲ್ಲಿ 1933ರಲ್ಲಿ ಹುಟ್ಟಿದ ವಿ. ಅಬ್ದುರ್ರಹೀಮ್ ಅವರು ಮದೀನಾದ ಇಸ್ಲಾಮಿಕ್ ವಿಶ್ವವಿದ್ಯಾಲಯದಲ್ಲಿ ಪರಭಾಷಿಕರಿಗೆ ಅರಬ್ಬಿ ಕಲಿಸುತ್ತಾ ಸಿದ್ಧಪಡಿಸಿದ ಪಾಠಮಾಲೆ ‘ಮದೀನಾ ಪುಸ್ತಕಗಳು’ ಎಂಬ ಹೆಸರಿನಲ್ಲಿ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಅದರಲ್ಲಿ ನಡುಭಾಷೆಯೇ ಇಲ್ಲ. ಕಣ್ಣೆದುರಿನ ವಸ್ತುಗಳನ್ನು ತೋರಿಸಿ ಹೆಸರಿಸುವ, ಕ್ರಿಯಾಪದವಿಲ್ಲದ ಸರಳ ವಾಕ್ಯಗಳಿಂದ ಪಾಠ ಆರಂಭವಾಗುತ್ತದೆ. ಅಬ್ದುರ್ರಹೀಮ್ ಅವರು ಅರಬ್ಬಿಯೊಳಗಿನ ಪರಭಾಷಾ ಪದಗಳನ್ನು ಕುರಿತ ಜವಾಲೀಕಿಯ ‘ಅಲ್ ಮುಅರ್ರಬ್’ ಗ್ರಂಥವನ್ನು ಸಂಪಾದಿಸಿದ ವಿದ್ವಾಂಸರೂ ಹೌದು. ಅವರು 2023ರಲ್ಲಿ ನಿಧನರಾದರು. ದಕ್ಷಿಣ ಭಾರತದ ಬಹುಭಾಷಿಕ ಪಟ್ಟಣವೊಂದರಿಂದ ಬಂದವರು ಪರಭಾಷಿಕರ ಕಷ್ಟವನ್ನು ಒಳಗಿನಿಂದ ಬಲ್ಲವರಾಗಿದ್ದರು.

ನಡುಭಾಷೆಯಿಲ್ಲದ ಈ ವಿಧಾನ ದಿನವಿಡೀ ಅರಬ್ಬಿ ಕೇಳಿಸುವ ಮದೀನಾದಂತಹ ಊರಿನಲ್ಲಿ ಬೇಗ ಫಲ ಕೊಡುತ್ತದೆ. ದಿನಕ್ಕೆ ಒಂದು ಗಂಟೆಯ ಪಾಠವಷ್ಟೇ ಇರುವ ಕಡೆ ವಿವರಣೆಗೆ ಬಲ್ಲ ಭಾಷೆಯೊಂದರ ಆಸರೆ ಬೇಕು. ಹಾಗಾಗಿ ಈ ಪುಸ್ತಕಗಳ ಜೊತೆಗೂ ಬೇರೆಬೇರೆ ದೇಶಗಳಲ್ಲಿ ಬೇರೆಬೇರೆ ಭಾಷೆಗಳ ಕೈಪಿಡಿಗಳನ್ನು ಬಳಸುತ್ತಾರೆ. ಆ ಆಸರೆ ಕೊಳ್ಳೇಗಾಲದಲ್ಲಿ ಯಾವ ಭಾಷೆಯಾಗಬೇಕು ಎಂಬ ಪ್ರಶ್ನೆ ಹೀಗೆ ಮತ್ತೆ ನಮ್ಮ ಮುಂದೆ ನಿಲ್ಲುತ್ತದೆ.

8. ಸಮಾರೋಪ

ಮೇಲಿನ ವಿವೇಚನೆಯಿಂದ ಎರಡು ಮಾತು ಸ್ಪಷ್ಟವಾಗುತ್ತವೆ. ಒಂದು, ಈ ಸೀಮೆಯಲ್ಲಿ ಅರಬ್ಬಿ ಬೋಧನೆಯಿಂದ ಕನ್ನಡ ಹೊರಗುಳಿದದ್ದು ಅದರ ಅಸಾಮರ್ಥ್ಯದಿಂದಲ್ಲ. ಪಾರಸಿಯ ಪ್ರತಿಷ್ಠೆ, ಅದು ಸರಿದಾಗ ಸರ್ಕಾರಿ ಶಿಫಾರಸಿನ ಬಲದಿಂದ ಬಂದ ಹಿಂದೂಸ್ತಾನಿ, ಎರಡು ಆಡಳಿತಗಳಿಗೆ ಹಂಚಿಹೋದ ಕನ್ನಡ ನೆಲ ಇವು ಅದಕ್ಕೆ ಕಾರಣ. ಎರಡು, ಕನ್ನಡದಲ್ಲಿ ಈಗಾಗಲೇ ನೆಲೆಸಿರುವ ಅರಬ್ಬಿ ಪದಗಳೂ ಕನ್ನಡದ ವಾಕ್ಯರಚನೆಯ ಕೆಲವು ಗುಣಗಳೂ ಅರಬ್ಬಿ ಕಲಿಕೆಗೆ ನೇರವಾದ ದಾರಿಯನ್ನು ಒದಗಿಸಬಲ್ಲವು.

ಇದರ ಪ್ರಯೋಜನ ಮಕ್ತಬಿನ ಮಕ್ಕಳಿಗೆ ಮಾತ್ರವಲ್ಲ. ಅರಬ್ಬಿ, ಪಾರಸಿ ಬರಹಗಳನ್ನು ಮೂಲದಲ್ಲಿ ಓದಬಯಸುವ ಕನ್ನಡ ಇತಿಹಾಸಕಾರರು, ಪದಗಳ ಹುಟ್ಟನ್ನು ಅರಸುವ ನಿಘಂಟುಕಾರರು, ಉದ್ಯೋಗಕ್ಕಾಗಿ ಕೊಲ್ಲಿ ನಾಡುಗಳಿಗೆ ಹೋಗುವವರು ಇವರೆಲ್ಲರೂ ಇಂದು ಇಂಗ್ಲಿಷಿನ ಅಥವಾ ಉರ್ದುವಿನ ಬಾಗಿಲಿನಿಂದಲೇ ಅರಬ್ಬಿಯನ್ನು ಪ್ರವೇಶಿಸುತ್ತಾರೆ. ಕನ್ನಡದ ಮೂಲಕ ಬರೆದ ಅರಬ್ಬಿ ಪ್ರವೇಶಿಕೆಯೊಂದಕ್ಕೆ ಬೇಕಾದ ಮೊದಲ ಪಾಠಗಳು ದೂರದಲ್ಲಿಲ್ಲ. ಕಾಗುಣಿತದ ಪಕ್ಕದಲ್ಲಿ ಜಬರ್, ಜೇರ್, ಪೇಶ್. ‘ಇದು ಮನೆ’ಯ ಪಕ್ಕದಲ್ಲಿ ‘ಹಾದಾ ಬೈತುನ್’. ಮಹಸೂಲು, ಮಾಮೂಲು, ಮಂಜೂರುಗಳ ಪಕ್ಕದಲ್ಲಿ ಕರ್ಮಣಿ ಕೃದಂತ. ತಾಲ್ಲೂಕು ಕಚೇರಿಯ ಹಲಗೆಯನ್ನು ಓದಬಲ್ಲ ಮಗು ಆ ಪಾಠಕ್ಕೆ ಅರ್ಧ ಸಿದ್ಧವಾಗಿಯೇ ಇದೆ. ಮಿಕ್ಕ ಅರ್ಧವನ್ನು ಒದಗಿಸುವ ಹೊಣೆ ಕನ್ನಡದ ಭಾಷಾಶಾಸ್ತ್ರಜ್ಞರದೂ ಹೌದು ಎಂದು ನಾವು ನಂಬುತ್ತೇವೆ.